ಕಂಪ್ಯೂಟರ್ ನಿಧಾನವಾಗಿದೆಯಾ? ರಿಪೇರಿ ಮಾಡುವವರನ್ನೇ ಕೇಳಿ

ಅಡ್ಮಿನ್: ಇವತ್ತು ಮನೆ ಕಂಪ್ಯೂಟರ್ ನಿಧಾನವಾಗುವ ಬಗ್ಗೆ ಮಾತ್ರ ಕೇಳಿ. ಕಂಪ್ಯೂಟರ್ ರಿಪೇರಿ ಮಾಡುವ ನಮ್ಮ ಮೇಡಂ ಉತ್ತರ ಕೊಡುತ್ತಾರೆ. ಯಾವ ವಿಂಡೋಸ್, ಎಷ್ಟು ರ‍್ಯಾಮ್, ಹಾರ್ಡ್ ಡಿಸ್ಕಾ ಎಸ್‌ಎಸ್‌ಡಿನಾ (ಚಿಪ್‌ನಲ್ಲಿ ಫೈಲ್ ಇಡುವ ಡ್ರೈವ್) ಅಂತ ಬರೆಯಿರಿ.

ಮಳೆಹನಿ: ನಮಸ್ತೆ ಮೇಡಂ. ವಿಂಡೋಸ್ 10, 4 ಜಿಬಿ ರ‍್ಯಾಮ್, ಹಾರ್ಡ್ ಡಿಸ್ಕ್. ಆನ್ ಮಾಡಿ ಹತ್ತು ನಿಮಿಷ ಕಾಯಬೇಕು. ಏನು ಮಾಡಲಿ?

ರಿಪೇರಿ ಮೇಡಂ: ನಮಸ್ತೆ. ಏನನ್ನೂ ಅಳಿಸುವ ಮೊದಲು ಒಮ್ಮೆ ನೋಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಅಂತ ಕಾಲಂ ಇವೆ. ಯಾವುದು ಶೇಕಡಾ ತೊಂಬತ್ತು ದಾಟಿ ಅಲ್ಲೇ ನಿಂತಿದೆಯೋ, ತೊಂದರೆ ಅಲ್ಲಿದೆ. ಅದೇ ಕಿಟಕಿಯಲ್ಲಿ ಸ್ಟಾರ್ಟಪ್ ಅಂತ ಇರುತ್ತದೆ, ಆನ್ ಮಾಡಿದಾಗ ತಾವಾಗಿಯೇ ಶುರುವಾಗುವ ಪ್ರೋಗ್ರಾಂಗಳ ಪಟ್ಟಿ. ಚಾಟ್, ಗೇಮ್, ಪ್ರಿಂಟರ್ ಅಪ್‌ಡೇಟ್, ಯಾವುದು ಬೇಡವೋ ಅದನ್ನು ಡಿಸೇಬಲ್ ಮಾಡಿ. ಆ್ಯಂಟಿವೈರಸ್ ಇರಲಿ. ಗುರುತು ಸಿಗದ ಹೆಸರನ್ನು ಮುಟ್ಟಬೇಡಿ.

ಇಷ್ಟಕ್ಕೂ ಸರಿಹೋಗದಿದ್ದರೆ ಎಸ್‌ಎಸ್‌ಡಿ ಹಾಕಿಸಿ. ಹಾರ್ಡ್ ಡಿಸ್ಕ್‌ನಲ್ಲಿ ತಿರುಗುವ ತಟ್ಟೆ ಇದೆ, ಅದರ ಮೇಲೆ ಓಡಾಡುವ ಹೆಡ್ ಇದೆ. ಚದುರಿರುವ ಸಣ್ಣ ಫೈಲ್‌ಗಳನ್ನು ಅದು ಸೆಕೆಂಡಿಗೆ ಸುಮಾರು 100 ಸಲ ಹುಡುಕಿ ಓದಬಹುದು, ಅಷ್ಟೇ. ಎಸ್‌ಎಸ್‌ಡಿ ಸಾವಿರಗಟ್ಟಲೆ ಓದುತ್ತದೆ. ವಿಂಡೋಸ್ ಶುರುವಾಗುವಾಗ ಬೇಕಾಗುವುದು ಅಂಥ ಸಣ್ಣ ಓದುಗಳೇ. ರ‍್ಯಾಮ್ 8 ಜಿಬಿ ಮಾಡಿಸಿದರೆ ಇನ್ನೂ ಒಳ್ಳೆಯದು. ಎರಡರಲ್ಲಿ ಒಂದೇ ಆಗುತ್ತದೆ ಅಂದರೆ ಮೊದಲು ಎಸ್‌ಎಸ್‌ಡಿ.

ಕೀಲಿಮಣೆ: ಫಾರ್ವರ್ಡ್ ಬಂದಿದ್ದು, ಎಲ್ಲರಿಗೂ ಉಪಯೋಗವಾಗಲಿ. 1) ಪ್ರಿಫೆಚ್ ಫೋಲ್ಡರ್ ಪೂರ್ತಿ ಡಿಲೀಟ್ ಮಾಡಿ. 2) ಎಂಎಸ್‌ಕಾನ್ಫಿಗ್‌ನಲ್ಲಿ ಪ್ರೊಸೆಸರ್ ಸಂಖ್ಯೆ ಜಾಸ್ತಿ ಮಾಡಿ. 3) ಆಗಾಗ ರಿಫ್ರೆಶ್ ಒತ್ತಿ. ಕಂಪ್ಯೂಟರ್ ರಾಕೆಟ್ ಆಗುತ್ತದೆ!!

ರಿಪೇರಿ ಮೇಡಂ: ಮೂರೂ ತಪ್ಪು. ಪ್ರೋಗ್ರಾಂ ಬೇಗ ತೆರೆಯಲಿ ಅಂತಲೇ ವಿಂಡೋಸ್ ಪ್ರಿಫೆಚ್ ಇಟ್ಟುಕೊಳ್ಳುತ್ತದೆ. ಅಳಿಸಿದರೆ ಮುಂದಿನ ಸಲ ಇನ್ನೂ ನಿಧಾನ. ಎಂಎಸ್‌ಕಾನ್ಫಿಗ್ ಅಂದರೆ ವಿಂಡೋಸ್ ಶುರುವಾಗುವ ರೀತಿ ಬದಲಿಸುವ ಕಿಟಕಿ. ಅದರ ಆ ಸಂಖ್ಯೆ ಪರೀಕ್ಷೆಗೆ ಅಂತ ಇಟ್ಟಿರುವ ಮಿತಿ. ಅದಕ್ಕೆ ಟಿಕ್ ಹಾಕದಿದ್ದರೆ ವಿಂಡೋಸ್ ಪ್ರೊಸೆಸರ್‌ನ ಎಲ್ಲ ಕೋರ್‌ಗಳನ್ನೂ ತಾನೇ ಬಳಸುತ್ತದೆ. ರಿಫ್ರೆಶ್ ಒತ್ತಿದರೆ ಪರದೆಯ ಐಕಾನ್‌ಗಳು ಮತ್ತೊಮ್ಮೆ ಮೂಡುತ್ತವೆ, ಬೇರೇನೂ ಆಗುವುದಿಲ್ಲ.

ಗಣಿತ ಮೇಷ್ಟ್ರು: 8 ಜಿಬಿ ಇದೆ. ಬ್ರೌಸರ್ ಮಾತ್ರ ತುಂಬಾ ನಿಧಾನ ಮೇಡಂ.

ರಿಪೇರಿ ಮೇಡಂ: ಬೇಡದ ಟ್ಯಾಬ್ ಮುಚ್ಚಿ, ಬ್ರೌಸರ್‌ಗೆ ಸೇರಿಸಿಕೊಂಡ ಬೇಡದ ಎಕ್ಸ್‌ಟೆನ್ಶನ್ ತೆಗೆಯಿರಿ. ಕ್ರೋಮ್ ಆದರೆ ಶಿಫ್ಟ್ ಮತ್ತು ಎಸ್ಕೇಪ್ ಒತ್ತಿ. ಯಾವ ಪುಟ ಎಷ್ಟು ಮೆಮೊರಿ ತಿನ್ನುತ್ತಿದೆ ಅಂತ ತೋರಿಸುತ್ತದೆ.

ಹೊಂಗೆ ನೆರಳು: 4 ಜಿಬಿ, ಹಾರ್ಡ್ ಡಿಸ್ಕ್, ಆನ್ ಆಗಲು ಲೇಟ್. ಪರಿಹಾರ ತಿಳಿಸಿ.

ರಿಪೇರಿ ಮೇಡಂ: ಮಳೆಹನಿ ಅವರಿಗೆ ಬರೆದಿದ್ದು ಓದಿ.

ಸಂಜೆಮಲ್ಲಿಗೆ: ಮೇಡಂ, ನಮ್ಮದು ಮೊನ್ನೆ ಮೊನ್ನೆವರೆಗೂ ಚೆನ್ನಾಗಿತ್ತು. ಈಗ ಫೋಟೋ ಫೋಲ್ಡರ್ ತೆರೆದರೆ ಪರದೆ ಹಾಗೇ ನಿಂತುಬಿಡುತ್ತದೆ. ನೀವು ಹೇಳಿದ ಹಾಗೆ ನೋಡಿದೆ. ಡಿಸ್ಕ್ 100 ತೋರಿಸುತ್ತಿದೆ, ಆದರೆ ಓದುವ ವೇಗ ಹೆಚ್ಚೂಕಡಿಮೆ ಸೊನ್ನೆ. ಒಳಗಿಂದ ಟಿಕ್ ಟಿಕ್ ಅಂತ ಸದ್ದು ಬೇರೆ. ಸರಿಹೋಗಲಿ ಅಂತ ಡಿಫ್ರಾಗ್ ಹಾಕಿದ್ದೇನೆ, ಓಡುತ್ತಾ ಇದೆ. ಅಪ್ಪನ ಫೋಟೋ ಎಲ್ಲಾ ಇದರಲ್ಲೇ ಇವೆ.

ರಿಪೇರಿ ಮೇಡಂ: ಡಿಫ್ರಾಗ್ ಈಗಲೇ ನಿಲ್ಲಿಸಿ. ಮಿಕ್ಕಿದ್ದು ಆಮೇಲೆ ಓದಿ.

ನಿಲ್ಲಿಸಿದಿರಾ? ಈಗ ಕೇಳಿ. ಇದು ವೇಗದ ಸಮಸ್ಯೆ ಅಲ್ಲ. ಡಿಸ್ಕ್ ಕೈಕೊಡುತ್ತಿದೆ ಅಂತಲೇ ಲೆಕ್ಕ ಇಟ್ಟುಕೊಳ್ಳಿ. ತಟ್ಟೆಯ ಒಂದು ಜಾಗ ಓದಲು ಬಾರದಿದ್ದರೆ ಹೆಡ್ ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗುತ್ತದೆ. ವಿಂಡೋಸ್ ಅಷ್ಟು ಹೊತ್ತೂ ಕಾಯುತ್ತದೆ. ಅದಕ್ಕೇ 100 ಇದ್ದರೂ ವೇಗ ಸೊನ್ನೆ. ಡಿಫ್ರಾಗ್ ಅಂದರೆ ಇದ್ದಬದ್ದ ಫೈಲ್ ಎಲ್ಲ ಎತ್ತಿ ಬೇರೆ ಕಡೆ ಬರೆಯುವುದು. ಸೋತ ಡಿಸ್ಕ್‌ಗೆ ಅದಕ್ಕಿಂತ ಕೆಟ್ಟ ಕೆಲಸ ಇಲ್ಲ. ಡಿಸ್ಕ್‌ನ ತಪ್ಪು ಹುಡುಕಿ ಸರಿಮಾಡುವ ಚೆಕ್‌ಡಿಸ್ಕ್ ಕೂಡ ಈಗ ಬೇಡ. ಕ್ಲೀನರ್ ಬೇಡ. ವಿಂಡೋಸ್ ಮತ್ತೆ ಹಾಕುವುದಂತೂ ಬೇಡವೇ ಬೇಡ.

ಹೊರಗಿನ ಡ್ರೈವ್ ಒಂದನ್ನು ಸಿಕ್ಕಿಸಿ. ಪೂರ್ತಿ ಡಿಸ್ಕ್ ಒಟ್ಟಿಗೆ ಎಳೆಯಬೇಡಿ. ಕಳೆದುಕೊಂಡರೆ ಮತ್ತೆ ಸಿಗದ ಫೋಲ್ಡರ್ ಮೊದಲು, ಅದೂ ಸ್ವಲ್ಪ ಸ್ವಲ್ಪವಾಗಿ. ‘ಕಟ್’ ಬೇಡ, ‘ಕಾಪಿ’ ಮಾತ್ರ. ಒಂದು ಫೈಲ್‌ನಲ್ಲಿ ಸಿಕ್ಕಿಕೊಂಡರೆ ಸ್ಕಿಪ್ ಮಾಡಿ ಮುಂದೆ ಹೋಗಿ, ಅದರ ಜೊತೆ ಗುದ್ದಾಡಬೇಡಿ. ಕಂಪ್ಯೂಟರ್ ಅಲ್ಲಾಡಿಸಬೇಡಿ. ಸದ್ದು ಜೋರಾದರೆ, ಅಥವಾ ಡ್ರೈವ್ ಕಾಣದೇ ಹೋದರೆ, ತಕ್ಷಣ ಆಫ್ ಮಾಡಿ, ಇಲ್ಲಿ ಬರೆಯಿರಿ. ನಾನು ನೋಡುತ್ತಾ ಇರುತ್ತೇನೆ.

ಅಲೆಮಾರಿ: ಇಷ್ಟೆಲ್ಲ ಗೋಳು ಯಾಕೆ? ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿಯಿತು. ಎಲ್ಲರೂ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಳ್ಳಿ.

ಗಣಿತ ಮೇಷ್ಟ್ರು: ಮನೆಯವರಿಗೆಲ್ಲ ಯಾರು ಕಲಿಸುತ್ತಾರೆ, ನೀವಾ? ವಿಂಡೋಸ್ 11 ಇದೆಯಲ್ಲ, ಹಾಕಿದರಾಯಿತು.

ಅಲೆಮಾರಿ: ಹಳೇ ಯಂತ್ರಕ್ಕೆ ಅದು ಬರುವುದೇ ಇಲ್ಲ ಮೇಷ್ಟ್ರೇ. ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು. ತಿಳಿದು ಮಾತಾಡಿ.

ಗಣಿತ ಮೇಷ್ಟ್ರು: ತಿಳಿದೇ ಮಾತಾಡುತ್ತಿದ್ದೇನೆ. ನಿಮ್ಮ ಲಿನಕ್ಸ್‌ನಲ್ಲಿ ನನ್ನ ಪ್ರಿಂಟರ್ ನಡೆಯಲಿಲ್ಲ.

ಅಲೆಮಾರಿ: ಅದು ಪ್ರಿಂಟರ್ ತಪ್ಪು.

ರಿಪೇರಿ ಮೇಡಂ: ಸಾಯುತ್ತಿರುವ ಡಿಸ್ಕ್ ಮೇಲೆ ಲಿನಕ್ಸ್ ಹಾಕಿದರೂ ಅದು ಸಾಯುವ ಡಿಸ್ಕೇ. ಫೋಟೋನೂ ಹೋಗುತ್ತದೆ. ಈ ಜಗಳ ಬೇರೆ ಕಡೆ ಮಾಡಿ.

ತಂಗಾಳಿ: ಮಾನಿಟರ್ ಮೇಲೆ ಹಸಿರು ಗೆರೆ ಬರುತ್ತಿದೆ, ಯಾಕೆ?

ಬೆಳ್ಳಿಚುಕ್ಕಿ: ದಿನಾ ತಪ್ಪದೆ ಶಟ್‌ಡೌನ್ ಮಾಡುತ್ತೇನೆ. ಆದರೂ ದಿನ ಕಳೆದಂತೆ ನಿಧಾನ ಆಗುತ್ತದಲ್ಲ?

ರಿಪೇರಿ ಮೇಡಂ: ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸ್ ತನ್ನ ಒಂದು ಭಾಗವನ್ನು ಡಿಸ್ಕ್‌ಗೆ ಬರೆದಿಟ್ಟು, ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. ಆಗಾಗ ರೀಸ್ಟಾರ್ಟ್ ಮಾಡಿ. ಅದು ಪೂರ್ತಿ ಹೊಸದಾಗಿ ಶುರುವಾಗುತ್ತದೆ.

ದಾರಿಹೋಕ: ಏನೂ ತೆರೆಯದಿದ್ದರೂ ಸಿಪಿಯು 100. ಫ್ಯಾನ್ ಜೋರಾಗಿ ಓಡುತ್ತದೆ.

ರಿಪೇರಿ ಮೇಡಂ: ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಏನಾದರೂ ಹಾಕಿದ್ದೀರಾ? ಅಂಥವುಗಳ ಜೊತೆ ನಿಮ್ಮ ಸಿಪಿಯು ಕದ್ದು ಬಳಸುವ ಪ್ರೋಗ್ರಾಂ ಬರುವುದುಂಟು. ವಿಂಡೋಸ್ ಸೆಕ್ಯುರಿಟಿಯಲ್ಲಿ ಆಫ್‌ಲೈನ್ ಸ್ಕ್ಯಾನ್ ಮಾಡಿ. ಎರಡು ಆ್ಯಂಟಿವೈರಸ್ ಇದ್ದರೆ ಒಂದನ್ನು ತೆಗೆಯಿರಿ.

ಮಳೆಹನಿ: ಸ್ಟಾರ್ಟಪ್ ಸರಿ ಮಾಡಿದೆ, ಪರವಾಗಿಲ್ಲ ಈಗ. ಸಿ ಡ್ರೈವ್ ತುಂಬಿ ಕೆಂಪಾಗಿದೆ, ಏನು ಅಳಿಸಲಿ?

ರಿಪೇರಿ ಮೇಡಂ: ಸೆಟ್ಟಿಂಗ್ಸ್, ಸಿಸ್ಟಂ, ಸ್ಟೋರೇಜ್, ಅಲ್ಲಿ ಟೆಂಪರರಿ ಫೈಲ್ಸ್. ಆ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಅಂತಲೂ ಇರುತ್ತದೆ. ಅದಕ್ಕೆ ಟಿಕ್ ಹಾಕಿದರೆ ನೀವು ಇಳಿಸಿಕೊಂಡಿದ್ದೆಲ್ಲ ಹೋಗುತ್ತದೆ, ಹುಷಾರು.

ಹೊಂಗೆ ನೆರಳು: ಓದಿದೆ. ಆದರೆ ನನ್ನದು ಬೇರೆ ಕಂಪನಿ. 4 ಜಿಬಿ. ಏನು ಮಾಡಲಿ?

ರಿಪೇರಿ ಮೇಡಂ: ಕಂಪನಿ ಯಾವುದಾದರೇನು? ಅದೇ ಉತ್ತರ.

ಸಂಜೆಮಲ್ಲಿಗೆ: ಮೇಡಂ, ಬಹುಪಾಲು ಫೋಟೋ ಬಂದವು. ಒಂದು ಮದುವೆಯ ಫೋಲ್ಡರ್ ಅರ್ಧಕ್ಕೇ ನಿಂತಿತು. ಈಗ ಡ್ರೈವೇ ಕಾಣುತ್ತಿಲ್ಲ. ಆಫ್ ಮಾಡಿದ್ದೇನೆ.

ಕೀಲಿಮಣೆ: ಅಕ್ಕ, ಡಿಸ್ಕ್ ಬಿಚ್ಚಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ರಾತ್ರಿ ಪೂರ್ತಿ ಫ್ರೀಜರ್‌ನಲ್ಲಿಡಿ. ಬೆಳಗ್ಗೆ ಓಡುತ್ತದೆ. ವೀಡಿಯೋನೇ ಇದೆ, ಹಾಕಲಾ?

ರಿಪೇರಿ ಮೇಡಂ: ಹಾಕಬೇಡಿ. ಸಂಜೆಮಲ್ಲಿಗೆ ಅವರೇ, ದಯವಿಟ್ಟು ಆ ಕೆಲಸ ಮಾಡಬೇಡಿ. ತಣ್ಣಗಾದ ಡಿಸ್ಕ್ ಹೊರಗೆ ಬಂದರೆ ಒಳಗೆ ತೇವ ಕೂರಬಹುದು. ಹೆಡ್‌ಗೂ ತಟ್ಟೆಗೂ ನಡುವೆ ಇರುವುದು ಕೂದಲಿಗಿಂತ ಎಷ್ಟೋ ಪಾಲು ಕಡಿಮೆ ಜಾಗ. ಅಲ್ಲಿ ತೇವ ನಿಂತರೆ ಉಳಿದಿದ್ದೂ ಗೀಚಿಹೋಗುತ್ತದೆ. ಮುಚ್ಚಳ ಬಿಚ್ಚಬೇಡಿ, ತಟ್ಟಬೇಡಿ. ಕಾಣುತ್ತದಾ ಅಂತ ಮತ್ತೆ ಮತ್ತೆ ಆನ್ ಮಾಡಬೇಡಿ.

ಡೇಟಾ ರಿಕವರಿ ಮಾಡುವ ಲ್ಯಾಬ್‌ಗೇ ಕೊಡಿ. ಟಿಕ್ ಸದ್ದು ಇತ್ತು, ಡಿಫ್ರಾಗ್ ಸ್ವಲ್ಪ ಓಡಿತ್ತು ಅಂತ ಮುಚ್ಚಿಡದೆ ಹೇಳಿ. ಬಾರದ ಫೋಲ್ಡರಿನ ಹೆಸರನ್ನೂ ಬರೆದುಕೊಡಿ. ನಕಲು ಮಾಡಿದ ಫೋಟೋಗಳನ್ನು ತೆರೆದು ನೋಡಿ, ಇನ್ನೊಂದು ಕಡೆಯೂ ಇವತ್ತೇ ಹಾಕಿಡಿ.

ಕೀಲಿಮಣೆ: ನನ್ನ ಸ್ನೇಹಿತನಿಗೆ ಫ್ರೀಜರ್ ಕೆಲಸ ಮಾಡಿದೆ. ನಿಮಗೆ ಗೊತ್ತಿಲ್ಲ ಅಂದರೆ ಎಲ್ಲವೂ ಸುಳ್ಳಾ?

ರಿಪೇರಿ ಮೇಡಂ: ಒಬ್ಬರಿಗೆ ಓಡಿತು ಅಂತ ಇವರ ಅಪ್ಪನ ಫೋಟೋ ಮೇಲೆ ಪ್ರಯೋಗ ಮಾಡಿಸುತ್ತೀರಾ?

ಅಲೆಮಾರಿ: ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಅಂತ ಇದೆ. ಕೆಟ್ಟ ಜಾಗ ಬಿಟ್ಟು ಮೊದಲು ಚೆನ್ನಾಗಿರುವುದನ್ನು ಎತ್ತುತ್ತದೆ.

ರಿಪೇರಿ ಮೇಡಂ: ಒಳ್ಳೆಯ ಸಾಧನ, ನಾನೂ ಬಳಸುತ್ತೇನೆ. ಆದರೆ ಡ್ರೈವ್ ಕಾಣುತ್ತಿರಬೇಕು. ಇವರದ್ದು ಕಾಣುತ್ತಿಲ್ಲ.

ಅಡ್ಮಿನ್: ಫ್ರೀಜರ್ ಸಂದೇಶ ಅಳಿಸಿದ್ದೇನೆ. ಕೀಲಿಮಣೆ ಅವರೇ, ಇನ್ನೊಂದು ಫಾರ್ವರ್ಡ್ ಬಂದರೆ ಗುಂಪಿನಿಂದ ತೆಗೆಯುತ್ತೇನೆ.

ತಂಗಾಳಿ: ಹಸಿರು ಗೆರೆ ಬಗ್ಗೆ ಯಾರೂ ಹೇಳಲಿಲ್ಲ.

ಸಂಜೆಮಲ್ಲಿಗೆ: ಡಿಸ್ಕ್ ಮುಟ್ಟಿಲ್ಲ ಮೇಡಂ. ನಾಳೆ ಲ್ಯಾಬ್‌ಗೆ ಕೊಡುತ್ತೇನೆ.

ರಿಪೇರಿ ಮೇಡಂ: ಏನಾದರೂ ಮಾಡುವ ಮೊದಲು ಡೇಟಾ ಎಷ್ಟು ಸಿಗಬಹುದು ಅಂತ ಬರೆದುಕೊಡಲು ಹೇಳಿ. ಅವರು ಹೇಳಿದ್ದನ್ನು ಇಲ್ಲಿ ಹಾಕಿ, ನೋಡುತ್ತೇನೆ.