ಫೋನಿನಲ್ಲಿ ಮಾತಾಡಿ ಕೋಡಿಂಗ್ ಏಜೆಂಟ್ ನಡೆಸುವುದು: ಸಂಪರ್ಕ ಕಡಿಯದಂತೆ, ಹೆಸರು ಕೆಡದಂತೆ ಹೇಗೆ?

ಕಪ್ಪುತೆರೆ

ಲಿನಕ್ಸ್ ಯಂತ್ರದ ಟರ್ಮಿನಲ್‌ನಲ್ಲಿ ಕೋಡಿಂಗ್ ಏಜೆಂಟ್ (ಹೇಳಿದಂತೆ ಕೋಡ್ ಬರೆದು ತಿದ್ದುವ ಎಐ) ಓಡುತ್ತಿದೆ. ಮೇಜಿನ ಮುಂದೆ ಇಲ್ಲದಾಗ ಆಂಡ್ರಾಯ್ಡ್ ಫೋನಿನ ಟರ್ಮಕ್ಸ್ ಎಂಬ ಟರ್ಮಿನಲ್ ಆ್ಯಪ್‌ನಿಂದ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತ ಲಾಗಿನ್) ಮಾಡಿ, ಬಾಯಲ್ಲಿ ಹೇಳಿ ಕೆಲಸ ಮಾಡಿಸಬೇಕು. ವೈಫೈ ಬಿಟ್ಟು ಮೊಬೈಲ್ ಡೇಟಾಗೆ ಹೋದರೆ ಸಂಪರ್ಕ ಕಡಿದು ಏಜೆಂಟೂ ನಿಂತುಹೋಗುತ್ತದೆ. ಕೀಬೋರ್ಡಿನ ಮೈಕ್ ಒತ್ತಿ ಮಾತಾಡಿದರೆ ಪದಗಳು ಎರಡೆರಡು ಸಲ ಬೀಳುತ್ತವೆ, ವೇರಿಯಬಲ್ ಹೆಸರುಗಳಂತೂ ಗುರುತೇ ಸಿಗುವುದಿಲ್ಲ. ಏಜೆಂಟ್ ಅನುಮತಿ ಕೇಳಿ ಕಾಯುತ್ತಿದ್ದರೂ ತಿಳಿಯುವುದಿಲ್ಲ. ಎಲ್ಲಿಂದ ಸರಿಪಡಿಸುತ್ತಾ ಬರಲಿ?

ಸಂಜೆಶೆಲ್

ಮೊದಲು ಸಂಪರ್ಕ. ಎಸ್‌ಎಸ್‌ಎಚ್ ಕಡಿದಾಗ ಆಜ್ಞೆ ಓದುವ ಶೆಲ್‌ಗೆ ನಿಲ್ಲಿಸುವ ಹ್ಯಾಂಗಪ್ ಸಿಗ್ನಲ್ ಹೋಗುತ್ತದೆ, ಅದರಡಿ ಓಡುತ್ತಿದ್ದ ಏಜೆಂಟ್‌ಗೂ ಅದೇ ಗತಿ. ಹಾಗಾಗಿ ಏಜೆಂಟನ್ನು ಯಾವಾಗಲೂ ಟಿಮಕ್ಸ್ (ಸಂಪರ್ಕ ಕಡಿದರೂ ಟರ್ಮಿನಲ್ ಸೆಷನ್ ಉಳಿಸುವ ಪ್ರೋಗ್ರಾಮ್) ಒಳಗೇ ಶುರುಮಾಡಿ. ಟಿಮಕ್ಸ್ ನ್ಯೂ ಆಜ್ಞೆಗೆ ದೊಡ್ಡಕ್ಷರದ -ಎ ಮತ್ತು ಚಿಕ್ಕಕ್ಷರದ -ಎಸ್ ಜೊತೆ ಸೆಷನ್ ಹೆಸರು ಕೊಟ್ಟರೆ, ಆ ಸೆಷನ್ ಇದ್ದರೆ ಅದಕ್ಕೇ ಸೇರಿಸುತ್ತದೆ, ಇಲ್ಲದಿದ್ದರೆ ಹೊಸದು ತೆರೆಯುತ್ತದೆ. ಫೋನಿನಲ್ಲಿ ನೆನಪಿಡಬೇಕಾದ ಆಜ್ಞೆ ಇದೊಂದೇ. ಕೆಲವು ಲಿನಕ್ಸ್‌ಗಳಲ್ಲಿ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ, ಲಾಗೌಟ್ ಆದೊಡನೆ ಟಿಮಕ್ಸನ್ನೂ ಕೊಲ್ಲುತ್ತದೆ. ಅಲ್ಲಿ ಲಾಗಿನ್‌ಸಿಟಿಎಲ್ ಎನೇಬಲ್-ಲಿಂಗರ್ ಒಮ್ಮೆ ಕೊಟ್ಟು, ಟಿಮಕ್ಸನ್ನು ಸಿಸ್ಟಮ್‌ಡಿ-ರನ್ --ಯೂಸರ್ --ಸ್ಕೋಪ್ ಮೂಲಕ ಶುರುಮಾಡಿ.

ನೆಟ್‌ವರ್ಕ್ ಬದಲಾದಾಗ ಕಡಿಯದಿರಲು ಎಸ್‌ಎಸ್‌ಎಚ್ ಬದಲು ಮಾಶ್ ಎಂಬ ಪ್ರೋಗ್ರಾಮ್ ಬಳಸಿ. ಅದು ಲಾಗಿನ್‌ಗೆ ಎಸ್‌ಎಸ್‌ಎಚ್ಚನ್ನೇ ಬಳಸುತ್ತದೆ, ಆಮೇಲೆ 60000ರಿಂದ 61000ರೊಳಗಿನ ಒಂದು ಯುಡಿಪಿ ಪೋರ್ಟಿಗೆ ಹೊರಳುತ್ತದೆ. ಐಪಿ ವಿಳಾಸ ಬದಲಾದರೂ ಸೆಷನ್ ಉಳಿಯುತ್ತದೆ. ಎರಡೂ ಕಡೆ ಯುಟಿಎಫ್-8 ಲೊಕೇಲ್ (ಅಕ್ಷರಗಳ ಎನ್‌ಕೋಡಿಂಗ್ ಸೆಟ್ಟಿಂಗ್) ಇರಲೇಬೇಕು, ಇಲ್ಲದಿದ್ದರೆ ಶುರುವಿನಲ್ಲೇ ನಿಲ್ಲುತ್ತದೆ. ಆ ಪೋರ್ಟುಗಳನ್ನು ಇಂಟರ್ನೆಟ್‌ಗೆ ತೆರೆದಿಡುವುದು ಬೇಡ. ಟೇಲ್‌ಸ್ಕೇಲ್ (ನಿಮ್ಮ ಯಂತ್ರಗಳ ನಡುವಿನ ಖಾಸಗಿ ನೆಟ್‌ವರ್ಕ್) ಹಾಕಿ ಅದು ಕೊಡುವ 100ರಿಂದ ಶುರುವಾಗುವ ವಿಳಾಸಕ್ಕೇ ಹೋಗಿ. ಮಾಶ್‌ನಲ್ಲಿ ಹಿಂದಿನ ಸಾಲುಗಳಿಗೆ ಸ್ಕ್ರೋಲ್ ಮಾಡಲು ಆಗದು, ಅದಕ್ಕೆ ಟಿಮಕ್ಸ್‌ನ ಕಾಪಿ ಮೋಡ್ ಇದೆ. ಟರ್ಮಕ್ಸ್‌ನ ನೋಟಿಫಿಕೇಶನ್‌ನಲ್ಲಿರುವ ವೇಕ್‌ಲಾಕ್ (ಫೋನ್ ನಿದ್ರೆಗೆ ಹೋಗದಂತೆ ತಡೆಯುವುದು) ಒತ್ತಿ, ಬ್ಯಾಟರಿ ಆಪ್ಟಿಮೈಸೇಶನ್‌ನಿಂದ ಅದನ್ನು ಹೊರಗಿಡಿ.

ಧ್ವನಿಪಟ್ಟಿ

ಪದ ಎರಡು ಸಲ ಬೀಳಲು ಕಾರಣ ಹೀಗೆ. ಧ್ವನಿ ಕೀಬೋರ್ಡ್ ಮೊದಲು ಒಂದು ಊಹೆ ಬರೆಯುತ್ತದೆ, ವಾಕ್ಯ ಮುಂದುವರಿದಂತೆ ಅಳಿಸಿ ತಿದ್ದುತ್ತದೆ. ಟರ್ಮಿನಲ್‌ಗೆ ಒಮ್ಮೆ ಹೋದ ಅಕ್ಷರವನ್ನು ಅದು ಹಾಗೆ ಹಿಂದಕ್ಕೆ ತಗೊಳ್ಳಲಾರದು. ಟರ್ಮಕ್ಸ್‌ನಲ್ಲಿ ಎಸ್ಕೇಪ್, ಕಂಟ್ರೋಲ್ ಇರುವ ಕೀಲಿಸಾಲನ್ನು ಎಡಕ್ಕೆ ಎಳೆಯಿರಿ, ಮಾಮೂಲಿ ಪಠ್ಯಪೆಟ್ಟಿಗೆ ತೆರೆದುಕೊಳ್ಳುತ್ತದೆ. ಅಲ್ಲಿ ಮಾತಾಡಿ, ಕಣ್ಣಾಡಿಸಿ, ಆಮೇಲೆ ಎಂಟರ್ ಒತ್ತಿ.

ಹೆಸರುಗಳ ವಿಷಯ ಇನ್ನೂ ಮುಖ್ಯ. ಅಂಡರ್‌ಸ್ಕೋರ್, ಬ್ರಾಕೆಟ್ ಎಂದೆಲ್ಲ ಉಚ್ಚರಿಸುತ್ತಾ ಕೋಡನ್ನೇ ಹೇಳಿ ಬರೆಸಲು ಹೋಗಬೇಡಿ. ಬೇಕಾದ್ದನ್ನು ಮಾತಿನಲ್ಲೇ ವಿವರಿಸಿ, ಹೆಸರು ಹುಡುಕುವ ಕೆಲಸ ಏಜೆಂಟ್‌ಗೆ ಬಿಡಿ. ಇಡೀ ರೆಪೊ (ಪ್ರಾಜೆಕ್ಟಿನ ಕೋಡ್ ಸಂಗ್ರಹ) ಅದರ ಮುಂದಿದೆ. ಪ್ರಾಜೆಕ್ಟಿನ ಸೂಚನಾ ಫೈಲಿನಲ್ಲಿ (ಕ್ಲಾಡ್ ಕೋಡ್‌ಗೆ ಕ್ಲಾಡ್ ಡಾಟ್ ಎಂಡಿ, ಕೋಡೆಕ್ಸ್‌ಗೆ ಏಜೆಂಟ್ಸ್ ಡಾಟ್ ಎಂಡಿ) ಇಂಥ ಮೂರು ಸಾಲು ಸೇರಿಸಿ: "ನನ್ನ ಸಂದೇಶಗಳು ಧ್ವನಿಯಿಂದ ಬಂದವು. ಅಪರಿಚಿತ ಹೆಸರು ಕಂಡರೆ ಅದೇ ಉಚ್ಚಾರಣೆಯ ಹೆಸರನ್ನು ಕೋಡಿನಲ್ಲಿ ಹುಡುಕು. ಎರಡು ಸಿಕ್ಕರೆ ತಿದ್ದುವ ಮೊದಲು ಕೇಳು." ಮೂರನೆಯ ಸಾಲನ್ನು ಬಿಟ್ಟರೆ ತಪ್ಪು ಫೈಲ್ ತಿದ್ದಿ ಮುಂದೆ ಹೋಗಿಬಿಡುತ್ತದೆ.

ಕೀಬೋರ್ಡಿನ ಗುರುತಿಸುವಿಕೆ ಸಾಲದಿದ್ದರೆ ಆಡಿಯೊ ಕಳಿಸಿ, ಕಂಪ್ಯೂಟರಿನಲ್ಲಿ ವಿಸ್ಪರ್ (ಮಾತನ್ನು ಪಠ್ಯವಾಗಿಸುವ ಮಾದರಿ) ಓಡಿಸಬಹುದು. ಅದಕ್ಕೆ ಬೇಕಾದ್ದು 16 ಕಿಲೋಹರ್ಟ್ಸ್, ಒಂದೇ ಚಾನಲ್. ಪ್ರಾಜೆಕ್ಟಿನ ಪದಪಟ್ಟಿಯನ್ನು ಆರಂಭಿಕ ಪ್ರಾಂಪ್ಟ್ ಆಗಿ ಕೊಡಿ, ಆದರೆ 224 ಟೋಕನ್‌ಗಿಂತ (ಪದದ ತುಣುಕುಗಳು) ಉದ್ದವಾದರೆ ಕೊನೆಯ ಭಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ. ಮೌನವಿದ್ದಲ್ಲಿ ಯಾರೂ ಆಡದ ವಾಕ್ಯವನ್ನು ವಿಸ್ಪರ್ ಬರೆಯುವುದುಂಟು, ರೆಕಾರ್ಡಿಂಗಿನ ಖಾಲಿ ತುದಿಗಳನ್ನು ಕತ್ತರಿಸಿ. ಇನ್ನೊಂದು, ಬ್ಲೂಟೂತ್ ಹೆಡ್‌ಸೆಟ್‌ನ ಮೈಕ್ ತೆರೆದಾಗ ಅದು ಕರೆಯ ಪ್ರೊಫೈಲಿಗೆ ಇಳಿದು ಗುಣಮಟ್ಟ 8 ಅಥವಾ 16 ಕಿಲೋಹರ್ಟ್ಸ್‌ಗೆ ಬೀಳುತ್ತದೆ. ಫೋನಿನದೇ ಮೈಕ್ ವಾಸಿ.

ಬೀಗದಕೈ

ಅನುಮತಿಯ ಬಗ್ಗೆ ದಯವಿಟ್ಟು ಎಚ್ಚರ. ಕೆಲಸ ಹೇಳಲು ಧ್ವನಿ ಸರಿ, ಒಪ್ಪಿಗೆ ಕೊಡಲು ಧ್ವನಿ ಬೇಡವೇ ಬೇಡ. ಪಕ್ಕದವರ "ಹೂಂ" ಕೂಡ ಮೈಕಿಗೆ ಬೀಳುತ್ತದೆ. ಆಜ್ಞೆಯನ್ನು ಓದಿ, ಬೆರಳಿನಿಂದಲೇ ಒತ್ತಿ.

ಕ್ಲಾಡ್ ಕೋಡ್‌ನ ಸೆಟ್ಟಿಂಗ್ಸ್ ಫೈಲಿನಲ್ಲಿ ನೋಟಿಫಿಕೇಶನ್ ಎಂಬ ಹುಕ್ (ಒಂದು ಘಟನೆಯಾದಾಗ ತಾನೇ ಓಡುವ ಆಜ್ಞೆ) ಇದೆ, ಅನುಮತಿ ಬೇಕಾದಾಗ ಓಡುತ್ತದೆ; ಸ್ಟಾಪ್ ಹುಕ್ ಉತ್ತರ ಮುಗಿದಾಗ. ಎರಡರಲ್ಲೂ ಎನ್‌ಟಿಎಫ್‌ವೈ ಎಂಬ ನೋಟಿಫಿಕೇಶನ್ ಸೇವೆಗೆ ಕರ್ಲ್ ಆಜ್ಞೆಯಿಂದ ಒಂದು ಸಾಲು ಕಳಿಸಿದರೆ ಫೋನ್ ಸದ್ದು ಮಾಡುತ್ತದೆ. ಅದರ ಸಾರ್ವಜನಿಕ ಸರ್ವರಿನಲ್ಲಿ ಟಾಪಿಕ್ ಹೆಸರು ಗೊತ್ತಿರುವ ಯಾರಾದರೂ ಸಂದೇಶ ಓದಬಹುದು, ಹಾಗಾಗಿ ಊಹಿಸಲಾಗದ ಉದ್ದನೆಯ ಹೆಸರಿಡಿ, ಸಂದೇಶದಲ್ಲಿ ಕೋಡ್ ಹಾಕಬೇಡಿ.

ಪರ್ಮಿಶನ್ ಮೋಡನ್ನು ಪ್ಲಾನ್‌ಗೆ ಇಟ್ಟು ಶುರುಮಾಡಿದರೆ, ತಿದ್ದುವ ಮೊದಲು ಅರ್ಥಮಾಡಿಕೊಂಡದ್ದನ್ನು ಬರೆದು ತೋರಿಸುತ್ತದೆ. ಕಿವಿ ತಪ್ಪಿದ್ದು ಅಲ್ಲೇ ಸಿಕ್ಕಿಬೀಳುತ್ತದೆ. ಗಿಟ್ ಪುಶ್‌ (ಕೋಡನ್ನು ಸರ್ವರಿಗೆ ಕಳಿಸುವ ಆಜ್ಞೆ) ಅನ್ನು ನಿಷೇಧಿತ ಆಜ್ಞೆಗಳ ಡಿನೈ ಪಟ್ಟಿಗೆ ಸೇರಿಸಿ, ಆದರೆ ಅದನ್ನೇ ನಂಬಿ ಕೂರಬೇಡಿ: ಅದೇ ಆಜ್ಞೆ ಒಂದು ಸ್ಕ್ರಿಪ್ಟಿನೊಳಗಿಂದ ಓಡಿದರೆ ಪಟ್ಟಿಗೆ ಕಾಣುವುದಿಲ್ಲ. ಏಜೆಂಟ್ ಓಡುವ ಬಳಕೆದಾರ ಖಾತೆಯಲ್ಲಿ ಪುಶ್ ಮಾಡಬಲ್ಲ ಕೀಲಿಯೇ ಇರಬಾರದು. ಕೆಲಸ ಬೇರೆ ಗಿಟ್ ವರ್ಕ್‌ಟ್ರೀಯಲ್ಲಿ (ಅದೇ ರೆಪೊದ ಪ್ರತ್ಯೇಕ ಫೋಲ್ಡರ್) ನಡೆಯಲಿ, ಕೆಟ್ಟರೆ ಅದೊಂದನ್ನು ತೆಗೆದುಹಾಕಿದರಾಯಿತು.

ಕಪ್ಪುತೆರೆ

ತುಂಬ ಉಪಕಾರವಾಯಿತು. ಮಾಶ್, ಹುಕ್ ಎರಡೂ ಸರಿಯಾಗಿವೆ. ವಿಸ್ಪರ್ ಕೊಟ್ಟ ಪಠ್ಯವನ್ನು ಟಿಮಕ್ಸ್ ಸೆಂಡ್-ಕೀಸ್‌ನಿಂದ (ಕೀಲಿ ಒತ್ತಿದಂತೆ ಪಠ್ಯ ಕಳಿಸುವ ಆಜ್ಞೆ) ಕಳಿಸಿದರೆ ಪಠ್ಯ ಬರುತ್ತದೆ, ಎಂಟರ್ ಮಾತ್ರ ಹೊಸ ಸಾಲಾಗಿ ಬೀಳುತ್ತದೆ, ಸಂದೇಶ ಹೋಗುವುದಿಲ್ಲ.

ಸಂಜೆಶೆಲ್

ಪಠ್ಯವೂ ಎಂಟರೂ ಒಟ್ಟಿಗೆ ನುಗ್ಗಿದಾಗ ಏಜೆಂಟ್ ಅದನ್ನು ಪೇಸ್ಟ್ ಎಂದು ಭಾವಿಸುತ್ತದೆ. ಎರಡು ಸಲ ಬೇರೆಬೇರೆಯಾಗಿ ಕಳಿಸಿ: ಮೊದಲು -ಎಲ್ ಹಾಕಿ ಪಠ್ಯ ಮಾತ್ರ, ಅರ್ಧ ಸೆಕೆಂಡ್ ಬಿಟ್ಟು ಎಂಟರ್ ಮಾತ್ರ. -ಎಲ್ ಇಲ್ಲದಿದ್ದರೆ ಕೀಲಿಯ ಹೆಸರಿನಂತೆ ಕಾಣುವ ಪದವನ್ನು ಟಿಮಕ್ಸ್ ಕೀಲಿಯಾಗಿಯೇ ಒತ್ತುತ್ತದೆ. ಪಠ್ಯದ ಮೊದಲು ಎರಡು ಅಡ್ಡಗೆರೆ ಇಡಿ, ಅಡ್ಡಗೆರೆಯಿಂದ ಶುರುವಾಗುವ ವಾಕ್ಯ ಆಯ್ಕೆಯೆಂದು ತಪ್ಪಾಗಿ ಓದಲ್ಪಡದಿರಲು. ವಿಸ್ಪರ್ ಪಠ್ಯದ ಕೊನೆಯ ಹೊಸಸಾಲನ್ನೂ ಮೊದಲೇ ಕತ್ತರಿಸಿ.