ಸಹಾಯ ಬೇಕು: ಮೊಳೆ ತುಂಬಿದ ಜಾಗಕ್ಕೆ ಯಾವ ಮೆಟಲ್ ಡಿಟೆಕ್ಟರ್?

ನಮಸ್ಕಾರ. ಗ್ಯಾರೆಟ್ ಎಟಿ ಪ್ರೊ, ಮೈನ್‌ಲ್ಯಾಬ್ ಇಕ್ವಿನಾಕ್ಸ್ 800, ಇವೆರಡರಲ್ಲಿ ಒಂದನ್ನು ತಗೊಳ್ಳಬೇಕು. ಎರಡನ್ನೂ ಬಳಸಿದವರು ಸ್ವಲ್ಪ ಹೇಳಿ.

ಹುಡುಕುವುದು ಹಳೇ ಮನೆ ಬಿದ್ದುಹೋದ ಜಾಗದಲ್ಲಿ. ಮಾಲೀಕರ ಒಪ್ಪಿಗೆ ಇದೆ. ಬೇಕಿರುವುದು ಹಿತ್ತಾಳೆ ಬಟನ್, ಬಕಲ್, ಸೀಸದ ಗುಂಡಿನಂಥ ಸಣ್ಣ ಸಾಮಾನು. ತೊಂದರೆ ಏನೆಂದರೆ ಅಲ್ಲಿ ತುಕ್ಕು ಹಿಡಿದ ಮೊಳೆ ವಿಪರೀತ. ಬಟನ್ ಪಕ್ಕದಲ್ಲೇ ಮೊಳೆ ಇದ್ದರೆ ಅದರ ಸಿಗ್ನಲ್ ಬಟನ್ನಿನದನ್ನು ನುಂಗಿಬಿಡುತ್ತದೆ. ಡಿಸ್ಕ್ರಿಮಿನೇಷನ್ (ಬೇಡದ ಲೋಹದ ಸಿಗ್ನಲ್ ತಡೆಯುವ ಸೆಟ್ಟಿಂಗ್) ಏರಿಸಿ ಕಬ್ಬಿಣ ಪೂರ್ತಿ ಬಿಟ್ಟರೆ ಒಳ್ಳೇದೂ ಕೈತಪ್ಪುತ್ತದೆ, ಅಲ್ವಾ? ಮಣ್ಣಿನಲ್ಲೂ ಕಬ್ಬಿಣದ ಅಂಶ ಜಾಸ್ತಿ.

ಎಟಿ ಪ್ರೊ ಓಡುವುದು 15 ಕಿಲೋಹರ್ಟ್ಸ್‌ನಲ್ಲಿ ಮಾತ್ರ. ಆದರೆ ಕಬ್ಬಿಣದ ಸದ್ದನ್ನು ಬೇರೆಯಾಗಿ ಕೇಳಿಸುವ ಐರನ್ ಆಡಿಯೊ ನನಗೆ ಇಷ್ಟವಾಯಿತು. ಇಕ್ವಿನಾಕ್ಸ್ ಹಲವು ಫ್ರೀಕ್ವೆನ್ಸಿ ಒಟ್ಟಿಗೆ ಬಳಸುತ್ತದೆ, ರಿಕವರಿ ಸ್ಪೀಡ್ (ಒಂದು ಸಿಗ್ನಲ್ ಆದಮೇಲೆ ಮುಂದಿನದಕ್ಕೆ ಸಿದ್ಧವಾಗುವ ವೇಗ) 1ರಿಂದ 8ರವರೆಗೆ ಇದೆ. ಸ್ಪೀಡ್ ಏರಿಸಿದರೆ ಮೊಳೆ ನಡುವೆ ಚೆನ್ನಾಗಿ ಬಿಡಿಸುತ್ತದೆ, ಆಳ ಮಾತ್ರ ಕಡಿಮೆ. ನೀವು ಎಷ್ಟಕ್ಕೆ ಇಡುತ್ತೀರಿ?

ಇನ್ನೊಂದು: ಇಕ್ವಿನಾಕ್ಸ್ ಜೊತೆ ಬರುವ 11 ಇಂಚಿನ ಕಾಯಿಲ್ (ನೆಲದ ಮೇಲೆ ಆಡಿಸುವ ತಟ್ಟೆ) ಇಂಥ ಕಡೆ ದೊಡ್ಡದಾಯಿತೇನೋ. 6 ಇಂಚಿನದು ಹಾಕಿದರೆ ನಿಜವಾಗಿ ವ್ಯತ್ಯಾಸ ಕಾಣುತ್ತದಾ, ಸುಮ್ನೆ ಖರ್ಚಾ? ಪಲ್ಸ್ ಇಂಡಕ್ಷನ್ ಬಗೆಯ ಡಿಟೆಕ್ಟರ್ ತಗೋ ಅನ್ನಬೇಡಿ. ಆಳಕ್ಕೆ ಹೋಗುತ್ತದೆ, ನಿಜ. ಆದರೆ ಅದು ಕಬ್ಬಿಣವನ್ನು ಸರಿಯಾಗಿ ಬೇರ್ಪಡಿಸುವುದಿಲ್ಲ, ಇಡೀ ದಿನ ಮೊಳೆ ಅಗೆಯಲು ನನ್ನಿಂದಾಗದು.