ಆಫೀಸ್, ಫ್ಯಾಕ್ಟರಿಯಲ್ಲಿ ನೀರು, ಕರೆಂಟ್ ಉಳಿಸುವುದು: ಎಂಜಿನಿಯರ್ ಮೇಡಂ ಅವರನ್ನು ಕೇಳಿ

ಅಡ್ಮಿನ್: ಕಟ್ಟಡಗಳ ನೀರು, ಕರೆಂಟ್ ವ್ಯವಸ್ಥೆ ಮಾಡುವ ಎಂಜಿನಿಯರ್ ಮೇಡಂ ಈ ಸಂಜೆ ಗುಂಪಿನಲ್ಲಿ ಇರುತ್ತಾರೆ. ಏನು ಕೊಳ್ಳಬೇಕು, ಏನು ಬೇಡ, ಕೇಳಿ.

ಅಕೌಂಟ್ಸ್‌ನವರು: ಮೇಡಂ, ಆಫೀಸಿಗೆ ಫ್ರಿಜ್ ತಗೋಬೇಕು. ಸ್ಟಾರ್ ಜಾಸ್ತಿ ಇದ್ರೆ ಸಾಕಲ್ವಾ?

ಎಂಜಿನಿಯರ್: ಸಾಲದು. ಸ್ಟಾರ್ ಕೊಡುವುದು ಅದೇ ಗಾತ್ರದ ಫ್ರಿಜ್‌ಗಳ ಜೊತೆ ಹೋಲಿಸಿ. ಐದು ಸ್ಟಾರ್‌ನ ದೊಡ್ಡ ಫ್ರಿಜ್, ಮೂರು ಸ್ಟಾರ್‌ನ ಚಿಕ್ಕದಕ್ಕಿಂತ ಜಾಸ್ತಿ ಕರೆಂಟ್ ಎಳೆಯಬಹುದು. ವರ್ಷಕ್ಕೆ ಎಷ್ಟು ಯೂನಿಟ್ ಅಂತ ಲೇಬಲ್‌ನಲ್ಲಿ ನೋಡಿ.

ಶಾಲೆಯ ಗುಮಾಸ್ತರು: ಫ್ಲಶ್ ಟ್ಯಾಂಕ್ ಒಳಗೆ ಇಟ್ಟಿಗೆ ಇಟ್ಟರೆ ನೀರು ಉಳಿಯುತ್ತದೆ ಅಂತ ಮೆಸೇಜ್ ಬಂದಿದೆ. ನಿಜವಾ?

ಎಂಜಿನಿಯರ್: ಇಡಬೇಡಿ. ಇಟ್ಟಿಗೆ ನೆನೆದು ಪುಡಿ ಬಿಡುತ್ತದೆ. ಆ ಪುಡಿ ವಾಲ್ವಿನ ರಬ್ಬರ್ ಕೆಳಗೆ ಸೇರಿದರೆ ರಾತ್ರಿಯೆಲ್ಲ ನೀರು ಸೋರುತ್ತದೆ. ಮೊದಲು ಟ್ಯಾಂಕಿಗೆ ಸ್ವಲ್ಪ ಬಣ್ಣ ಹಾಕಿ, ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಕಮೋಡಿನಲ್ಲಿ ಬಣ್ಣ ಕಂಡರೆ ಸೋರುತ್ತಿದೆ ಅಂತ ಅರ್ಥ, ರಬ್ಬರ್ ಬದಲಿಸಿ. ಹೊಸದು ಹಾಕುವುದಾದರೆ 6 ಲೀಟರ್, 3 ಲೀಟರ್ ಎರಡು ಬಟನ್ ಇರುವುದು. ಕಮೋಡು, ಟ್ಯಾಂಕು ಎರಡೂ ಜೊತೆಗೇ ಬದಲಾಗಬೇಕು.

ಕ್ಯಾಂಟೀನ್ ಮೇಲ್ವಿಚಾರಕಿ: ಪ್ಲಗ್‌ಗೆ ಸಿಕ್ಕಿಸುವ ಪವರ್ ಸೇವರ್ ಡಬ್ಬಿ ಕೆಲಸ ಮಾಡುತ್ತದಾ?

ಎಂಜಿನಿಯರ್: ಇಲ್ಲ. ಕೊಳ್ಳಬೇಡಿ.

ಫ್ಯಾಕ್ಟರಿ ಮೇಂಟೆನೆನ್ಸ್: ಮೇಡಂ, ಕೆಲಸಗಾರರ ಸ್ನಾನಕ್ಕೆ 1000 ಲೀಟರ್ ಬಿಸಿನೀರಿನ ಟ್ಯಾಂಕ್ ಇದೆ. ‘40 ಡಿಗ್ರಿ ಸಾಕು’ ಅನ್ನೋ ಮೆಸೇಜ್ ನೋಡಿ 60ರಿಂದ ಇಳಿಸಿದೆವು. ಎರಡು ತಿಂಗಳಾಯ್ತು. ಒಂದು ಸಾಲು ಶವರ್ ರಿಪೇರಿಗೆ ಅಂತ ಮುಚ್ಚಿತ್ತು, ಸೋಮವಾರ ತೆರೆಯುತ್ತೇವೆ. ನೀರು ಕಡಿಮೆ ಬಿಡುವ ಶವರ್ ಯಾವುದು ಒಳ್ಳೆಯದು?

ಎಂಜಿನಿಯರ್: ಶವರ್ ಆಮೇಲೆ ಆರಿಸೋಣ. ಆ ಸಾಲು ಸೋಮವಾರ ತೆರೆಯಬೇಡಿ. ಉಳಿದ ಶವರ್‌ಗಳನ್ನೂ ಇವತ್ತೇ ನಿಲ್ಲಿಸಿ.

ಲೀಜಿಯೊನೆಲ್ಲಾ ಅಂತ ಒಂದು ಬ್ಯಾಕ್ಟೀರಿಯಾ ಇದೆ. 20ರಿಂದ 45 ಡಿಗ್ರಿಯ ನೀರಿನಲ್ಲಿ ಚೆನ್ನಾಗಿ ಬೆಳೆಯುತ್ತದೆ. ನೀವು ಎರಡು ತಿಂಗಳು ಅದಕ್ಕೆ ಬೇಕಾದ ಬೆಚ್ಚಗಿನ ಟ್ಯಾಂಕನ್ನೇ ಇಟ್ಟಿದ್ದೀರಿ. ಮುಚ್ಚಿದ ಸಾಲಿನ ಪೈಪಿನಲ್ಲಿ ನೀರು ನಿಂತೇ ಇದೆ. ಶವರ್‌ನ ಸಣ್ಣ ಹನಿಗಳು ಉಸಿರಿನ ಜೊತೆ ಒಳಗೆ ಹೋದರೆ ನ್ಯುಮೋನಿಯಾ ಬರಬಹುದು, ಜೀವವೂ ಹೋಗಬಹುದು. 1976ರಲ್ಲಿ ಫಿಲಡೆಲ್ಫಿಯಾದ ಒಂದು ಸಮಾವೇಶಕ್ಕೆ ಬಂದವರು ಸಾಲಾಗಿ ಕಾಯಿಲೆ ಬಿದ್ದ ಮೇಲೆಯೇ ಇದು ಪತ್ತೆಯಾಗಿದ್ದು.

ಮೊದಲು ನೀರಿನ ಸ್ಯಾಂಪಲ್ ತೆಗೆಸಿ ಲ್ಯಾಬಿಗೆ ಕಳಿಸಿ. ಆಮೇಲೆ ಟ್ಯಾಂಕ್ 60ಕ್ಕೆ ಏರಿಸಿ. ಪೈಪು ತೊಳೆಯುವ ಕೆಲಸವನ್ನು ಇದು ಗೊತ್ತಿರುವವರಿಂದಲೇ ಮಾಡಿಸಿ. ಶವರ್ ತಲೆ ಬಿಚ್ಚಿ ನೋಡಿ, ತೂತುಗಳ ಸುತ್ತ ಬಿಳಿ ಉಪ್ಪು ಕಟ್ಟಿದ್ದರೆ, ಒಳಗೆ ಲೋಳೆ ಇದ್ದರೆ ಅಲ್ಲೂ ಅದು ಕೂತಿರಬಹುದು. 60 ಡಿಗ್ರಿ ನೀರು ಮೈ ಸುಡುತ್ತದೆ. ಅದಕ್ಕೆ ಶವರ್ ಹತ್ತಿರವೇ ತಣ್ಣೀರು ಬೆರೆಸುವ ಥರ್ಮೋಸ್ಟಾಟ್ ವಾಲ್ವ್ ಹಾಕಬೇಕು.

ಉಳಿತಾಯ ಬೇಕಾದರೆ ಟ್ಯಾಂಕಿಗೂ ಪೈಪಿಗೂ ಇನ್ಸುಲೇಷನ್ ಸುತ್ತಿಸಿ. ಡಿಗ್ರಿ ಇಳಿಸಿ ಉಳಿಸಬೇಡಿ.

ಯಾರಿಗಾದರೂ ಜ್ವರ, ಕೆಮ್ಮು ಇದೆಯಾ?

ಅಂಗಡಿ ಮಾಲೀಕರು: ನಮ್ಮ ಗೀಸರ್ ವರ್ಷಗಳಿಂದ 45ರಲ್ಲಿದೆ, ಏನೂ ಆಗಿಲ್ಲ. ಸುಮ್ನೆ ಹೆದರಿಸಬೇಡಿ.

ಎಂಜಿನಿಯರ್: ಹೆದರಿಸುತ್ತಿಲ್ಲ. ಇಂಥ ಮಾತು ನಂಬಿಯೇ ಅವರು 40ಕ್ಕೆ ಇಳಿಸಿದ್ದು.

ಐಟಿಯವರು: ಲೇಸರ್ ಪ್ರಿಂಟರ್ ಒಳ್ಳೆಯದಾ, ಇಂಕ್‌ಜೆಟ್ಟಾ?

ಅಂಗಡಿ ಮಾಲೀಕರು: ಎಸಿಯನ್ನು 18ಕ್ಕೆ ಇಟ್ಟರೆ ರೂಮು ಬೇಗ ತಣ್ಣಗಾಗುತ್ತದೆ. ಅದೂ ತಪ್ಪು ಅಂತೀರಾ?

ಶಾಲೆಯ ಗುಮಾಸ್ತರು: ಸ್ವಾಮಿ, ಸಾದಾ ಎಸಿಯಲ್ಲಿ ಕಂಪ್ರೆಸರ್ ಓಡುವುದು ಒಂದೇ ವೇಗದಲ್ಲಿ. 18 ಅಂದರೂ 24 ಅಂದರೂ ತಂಪು ಅಷ್ಟೇ ವೇಗವಾಗಿ ಬರುತ್ತದೆ. 18ರಲ್ಲಿ ಅದು ನಿಲ್ಲುವುದೇ ಇಲ್ಲ ಅಷ್ಟೇ.

ಅಂಗಡಿ ಮಾಲೀಕರು: ನಮ್ಮದು ಇನ್ವರ್ಟರ್ ಎಸಿ, ಕಂಪ್ರೆಸರ್ ವೇಗ ಬದಲಾಗುತ್ತದೆ. ಗೊತ್ತಿಲ್ಲದೆ ಮಾತಾಡಬೇಡಿ.

ಶಾಲೆಯ ಗುಮಾಸ್ತರು: ಮೊದಲೇ ಹೇಳಬೇಕಿತ್ತು. ಯಾರಿಗೆ ಗೊತ್ತಿಲ್ಲ ಅಂತ ಎಲ್ಲರಿಗೂ ಕಾಣುತ್ತಿದೆ.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಗೋಡೌನ್ ಮ್ಯಾನೇಜರ್: ಪವರ್ ಸೇವರ್ ಡಬ್ಬಿ ಹಾಕಬಹುದಾ ಮೇಡಂ? ವಿಡಿಯೋ ಕಳಿಸಲಾ?

ಎಂಜಿನಿಯರ್: ಮೇಲೆ ಓದಿ. ವಿಡಿಯೋ ಬೇಡ.

ಫ್ಯಾಕ್ಟರಿ ಮೇಂಟೆನೆನ್ಸ್: ಮೇಡಂ, ನೈಟ್ ಶಿಫ್ಟಿನ ಇಬ್ಬರಿಗೆ ನಾಲ್ಕು ದಿನದಿಂದ ಜ್ವರ, ಕೆಮ್ಮು. ಫ್ಲೂ ಅಂದುಕೊಂಡಿದ್ದೆವು.

ಎಂಜಿನಿಯರ್: ಈಗಲೇ ಆಸ್ಪತ್ರೆಗೆ ಕಳಿಸಿ. ಬಿಸಿನೀರಿನ ಟ್ಯಾಂಕ್, ಶವರ್ ವಿಷಯ ಡಾಕ್ಟರಿಗೆ ಹೇಳಲೇಬೇಕು. ಲೀಜಿಯೊನೆಲ್ಲಾಗೆ ಬೇರೆ ಪರೀಕ್ಷೆ ಇದೆ, ಕೊಡುವ ಆಂಟಿಬಯೋಟಿಕ್ಕೂ ಬೇರೆ.

ಗೋಡೌನ್ ಮ್ಯಾನೇಜರ್: ಡಬ್ಬಿ ಯಾಕೆ ಬೇಡ ಅಂತ ಹೇಳಲೇ ಇಲ್ಲ.

ಎಂಜಿನಿಯರ್: ನಿಮ್ಮ ಗೋಡೌನಿನ ಲೈಟ್, ಫ್ಯಾನ್ ಸುಡುವ ಯೂನಿಟ್ ಅದರಿಂದ ಕಡಿಮೆ ಆಗುವುದಿಲ್ಲ. ಮತ್ತೆ ಕೇಳಬೇಡಿ.

ಫ್ಯಾಕ್ಟರಿ ಮೇಂಟೆನೆನ್ಸ್: ಇಬ್ಬರೂ ಗಾಡಿಯಲ್ಲಿ ಹೊರಟರು, ಚೀಟಿಯಲ್ಲಿ ಬರೆದು ಕೊಟ್ಟಿದ್ದೇನೆ. ಸ್ಯಾಂಪಲ್ ತೆಗೆದಾಯ್ತು. ಟ್ಯಾಂಕ್ 60 ತೋರಿಸುತ್ತಿದೆ. ಸ್ನಾನದ ಮನೆಗೆ ಬೀಗ ಹಾಕಿದೆ.

ಎಂಜಿನಿಯರ್: ಟ್ಯಾಂಕಿಗೆ ವಾಪಸ್ ಬರುವ ಪೈಪಿನಲ್ಲಿ ಎಷ್ಟಿದೆ?

ಫ್ಯಾಕ್ಟರಿ ಮೇಂಟೆನೆನ್ಸ್: 44.

ಎಂಜಿನಿಯರ್: ಅಲ್ಲೂ 50 ದಾಟಬೇಕು. ಬೀಗದ ಕೀ ನಿಮ್ಮ ಹತ್ತಿರವೇ ಇರಲಿ. ಲ್ಯಾಬ್ ವರದಿ ಬರುವವರೆಗೆ ಯಾರು ಕೇಳಿದರೂ ಕೊಡಬೇಡಿ.

ಐಟಿಯವರು: ಮೇಡಂ, ಪ್ರಿಂಟರ್?